ಹೆಸರೆತ್ತದ ದಳಪತಿ

ಹಗಲಿನ ಹೊತ್ತು ಕುರಾಮಿತ್ಸು ತೆತ್ಸುಜಿಯವರು ಪಿಸುಮಾತಿಗಿಂತ ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ಶಿಯೊಮಿ ಬಂದರಿನಲ್ಲಿ ಯಾರೂ ಕೇಳಿದವರಿಲ್ಲ. ಅವರದು ಮೊಹರು ಕೆತ್ತುವ ಅಂಗಡಿ. ಬಂದ ಗಿರಾಕಿ ತನ್ನ ಹೆಸರು ಹೇಳಿ, ಬೆಲೆ ಕೇಳಿ, ಉತ್ತರಕ್ಕಾಗಿ ಗಾಜಿನ ಮೇಜಿನ ಮೇಲೆ ಅರ್ಧ ಬಗ್ಗಿ ಕಿವಿಯೊಡ್ಡಿ ನಿಲ್ಲಬೇಕಾಗುತ್ತಿತ್ತು. ಹೊಸಬರು ಪಾಪ, ಇವರಿಗೆ ಏನೋ ಕಂಠರೋಗವಿರಬೇಕೆಂದು ಮರುಗಿ, ಮೊಹರು ಒಯ್ಯಲು ಬಂದಾಗ ಶುಂಠಿ ಪೆಪ್ಪರಮೆಂಟಿನ ಪೊಟ್ಟಣವೊಂದನ್ನು ಜೊತೆಗೆ ತಂದುಕೊಡುತ್ತಿದ್ದರು; ಅದನ್ನವರು ಎರಡು ಕೈಯಲ್ಲಿ ಸ್ವೀಕರಿಸಿ, ತಲೆಬಾಗಿ, ಮೇಜಿನ ಖಾನೆಗೆ ಸೇರಿಸುತ್ತಿದ್ದರು. ಸಂಜೆ ಆರರ ಮೇಲೆ, ಬಂದರಿನ ಆಚೆ ತುದಿಯ ಬೇಸ್‌ಬಾಲ್ ಮೈದಾನದಲ್ಲಿ, ಬಲತುದಿಯ ಮೆಟ್ಟಿಲುಸಾಲಿನ ನಡುವೆ ಮರದ ಪೀಠವೊಂದರ ಮೇಲೆ ನಿಂತು ಅದೇ ಮನುಷ್ಯ ಬಾಯಿ ತೆರೆದರೆ ಸಮುದ್ರದ ತಡೆಗೋಡೆಯ ಮೇಲಿನ ಕಡಲಹಕ್ಕಿಗಳು ಒಟ್ಟಿಗೇ ಮೇಲೇಳುತ್ತಿದ್ದವು. ಒಮ್ಮೆ ಲಂಗರು ಹಾಕಿದ್ದ ಸರಕಿನ ಹಡಗೊಂದು ಅವರ ಕೂಗನ್ನು ಇನ್ನೊಂದು ಹಡಗಿನದೆಂದು ತಿಳಿದು ಮರುಕೂಗು ಹಾಕಿತಂತೆ. ಕಥೆಯೇ ಇರಬಹುದು. ಆದರೆ ಅದನ್ನು ನಂಬದವರು ಆ ಊರಿನಲ್ಲಿರಲಿಲ್ಲ.

ಆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಒಂಬತ್ತು ವರ್ಷ ಬಾಡಿಗೆಗಿದ್ದೆ. ಮೊದಲ ದಿನವೇ ನನಗೊಂದು ಮೊಹರು ಬೇಕಾಯಿತು. ಸಹಿಯ ಬದಲು ಹೆಸರಿನ ಮೊಹರೊತ್ತುವ ಆ ದೇಶದಲ್ಲಿ ಅದಿಲ್ಲದವನಿಗೆ ಅನಿಲದ ಒಲೆಯೂ ಹತ್ತುವುದಿಲ್ಲ. ನನ್ನ ಹೆಸರನ್ನು ಮೂರು ಸಲ ಹೇಳಿಸಿಕೊಂಡು, ಚೀಟಿಯಲ್ಲಿ ಬರೆದುಕೊಂಡು, ಅವರು ಕೇಳಿದ ಪ್ರಶ್ನೆ ಒಂದೇ: “ಈ ಹೆಸರಿನ ಆಟಗಾರ ಸಾರ್ವಭೌಮರ ತಂಡದಲ್ಲಿ ಯಾರೂ ಇಲ್ಲ ತಾನೆ?” ಇಲ್ಲವೆಂದೆ. “ಮುಂದೆ ಬರೋ ಸಂಭವ?” ಅದೂ ಇಲ್ಲವೆಂದೆ. ಸಮಾಧಾನದಿಂದ ಉಳಿ ಕೈಗೆತ್ತಿಕೊಂಡರು.

ಸಾರ್ವಭೌಮರೆಂದರೆ ತೋಕಿಯೊ ತಂಡ. ಹಣವಂತರ ತಂಡ, ಗೆಲ್ಲುವವರ ತಂಡ. ನಮ್ಮದು ಮಿಂಚುಳ್ಳಿಗಳು. ಗೆಲುವಿನ ಹತ್ತಿರ ಹೋಗಿ, ಅದರ ಮುಖವನ್ನು ಚೆನ್ನಾಗಿ ನೋಡಿಕೊಂಡು ವಾಪಸು ಬರುವುದರಲ್ಲಿ ನಮ್ಮ ತಂಡಕ್ಕಿದ್ದ ನೈಪುಣ್ಯ ಇನ್ನಾರಿಗೂ ಇರಲಿಲ್ಲ. ಆ ತಂಡವನ್ನು ಹುರಿದುಂಬಿಸುವ ದಳಕ್ಕೆ ಕುರಾಮಿತ್ಸು ಮೂವತ್ತು ವರ್ಷದಿಂದ ದಳಪತಿ. ಅಷ್ಟು ವರ್ಷ ಬಲಭುಜದ ಮೇಲೆ ಧ್ವಜದ ಗಳು ಹೊತ್ತು ನಡೆದದ್ದರಿಂದ, ಗಳು ಇಲ್ಲದಾಗಲೂ ಅದರ ಭಾರವನ್ನು ಸರಿದೂಗಿಸುವಂತೆ ಎಡಕ್ಕೆ ವಾಲಿಯೇ ನಡೆಯುತ್ತಿದ್ದರು. ತೆರವಾದ ಬೀದಿಯಲ್ಲಿ ಅವರೊಬ್ಬರೇ ಬರುತ್ತಿದ್ದರೂ ಪಕ್ಕದಲ್ಲಿ ಕಾಣದ ಯಾರಿಗೋ ದಾರಿ ಬಿಟ್ಟುಕೊಡುತ್ತಿರುವಂತೆ ತೋರುತ್ತಿತ್ತು. ದಳದ ನೀಲಿ ಕೋಟನ್ನು ತಂಡ ಲೀಗು ಗೆಲ್ಲುವ ತನಕ ಒಗೆಯುವುದಿಲ್ಲವೆಂದು ಅವರ ಪ್ರತಿಜ್ಞೆಯಿತ್ತು. ಅದು ಹತ್ತೊಂಬತ್ತು ವರ್ಷ ಒಗೆಯದ ಕೋಟು ಎಂದು ಊರೆಲ್ಲ ಭಯಭಕ್ತಿಯಿಂದ ಎರಡು ಅಡಿ ದೂರ ನಿಲ್ಲುತ್ತಿತ್ತು. ನಿಜ ಸಂಗತಿ ನನಗೂ ಅವರ ಹೆಂಡತಿ ಹಾತ್ಸು ಅವರಿಗೂ ಮಾತ್ರ ಗೊತ್ತು. ಆ ತಾಯಿ ಪ್ರತಿ ನವೆಂಬರಿನಲ್ಲಿ, ಗಂಡ ಬಿಸಿನೀರಿನ ಬುಗ್ಗೆಗೆ ಹೋದ ಎರಡು ದಿನದಲ್ಲಿ, ಕೋಟನ್ನು ಚೆನ್ನಾಗಿ ಒಗೆದು ಒಣಗಿಸಿ, ಆಮೇಲೆ ಬಂಗಡೆ ಮೀನು ಸುಡುವ ಒಲೆಯ ಮೇಲೆ ಒಂದು ಮಧ್ಯಾಹ್ನ ನೇತುಹಾಕುತ್ತಿದ್ದರು.

“ವಾಸನೆ ಇದ್ರೆ ಅವರಿಗೆ ನೆಮ್ಮದಿ,” ಎಂದರು ಒಮ್ಮೆ, ಕೋಟಿನ ತೋಳು ತಿರುವಿಹಾಕುತ್ತ. “ನನಗೆ ಕೋಟು ಚೊಕ್ಕಟ ಇದ್ರೆ ನೆಮ್ಮದಿ. ಇಬ್ಬರ ಸಂಸಾರ ನಡೀಬೇಕಲ್ಲಪ್ಪ.”

ಆದರೆ ಕೋಟಿನ ಪ್ರತಿಜ್ಞೆ ಏನೇನೂ ಅಲ್ಲ, ಹೆಸರಿನ ಪ್ರತಿಜ್ಞೆಯ ಮುಂದೆ.

ಹತ್ತೊಂಬತ್ತು ವರ್ಷದ ಹಿಂದಿನ ಅಕ್ಟೋಬರಿನಲ್ಲಿ, ಋತುವಿನ ಕೊನೆಯ ದಿನ, ಸಾರ್ವಭೌಮರ ಮೇಲೆ ಗೆದ್ದರೆ ಮಿಂಚುಳ್ಳಿಗಳಿಗೆ ಲೀಗು ಸಿಗುತ್ತಿತ್ತು. ಒಂಬತ್ತನೆಯ ಇನಿಂಗ್ಸಿನವರೆಗೆ ನಮ್ಮದೇ ಮುನ್ನಡೆ. ಆಗ ಸಾರ್ವಭೌಮರ ಮೂರನೆಯ ಬೇಸಿನ ಹೊಸ ಹುಡುಗ, ಇಪ್ಪತ್ತೊಂದರ ತೊಕಿವಾ ಎಂಬಾತ, ಬ್ಯಾಟು ಹಿಡಿದು ಬಂದ. ಅವನು ಹೊಡೆದ ಚೆಂಡು ದೀಪಗಳ ಮೇಲೆ ಹಾದು, ಬಲತುದಿಯ ಮೆಟ್ಟಿಲುಸಾಲಿಗೆ ಬಂದು, ಬೇರೆಲ್ಲೂ ಜಾಗವಿಲ್ಲವೆಂಬಂತೆ, ಗೆಲುವಿನ ಘೋಷಕ್ಕೆಂದು ಸಜ್ಜಾಗಿ ನಿಂತಿದ್ದ ದಳದ ನಗಾರಿಯ ಮೇಲೆಯೇ ಬಿದ್ದು ‘ಢಂ’ ಎಂದಿತು. ಆ ಒಂದೇ ಹೊಡೆತಕ್ಕೆ ಪಂದ್ಯವೂ ಹೋಯಿತು, ಲೀಗೂ ಹೋಯಿತು. ಅಂದಿನಿಂದ ಕುರಾಮಿತ್ಸು ಆ ಹೆಸರನ್ನು ಎತ್ತಿದವರಲ್ಲ. ‘ಆ ಮನುಷ್ಯ’ ಎನ್ನುತ್ತಿದ್ದರು. ನಾಲಿಗೆಯ ಮೇಲೆ ಮಾತ್ರವಲ್ಲ, ಉಳಿಯ ತುದಿಯಲ್ಲೂ ಅದಕ್ಕೆ ಪ್ರವೇಶವಿರಲಿಲ್ಲ. ತೆರಿಗೆ ಕಚೇರಿಗೆ ವರ್ಗವಾಗಿ ಬಂದ ತೊಕಿವಾ ಎಂಬ ಸಾಧು ಗುಮಾಸ್ತನೊಬ್ಬ ಮೊಹರು ಕೆತ್ತಿಸಲು ಬಂದಾಗ, ಅವನಿಗೆ ಚಹಾ ಕೊಟ್ಟು, ಕೊಡೆ ಕೊಟ್ಟು, ಎದುರಿನ ಪ್ರತಿಸ್ಪರ್ಧಿಯ ಅಂಗಡಿಯವರೆಗೆ ತಾವೇ ಕರೆದೊಯ್ದು ಬಿಟ್ಟುಬಂದರು. ನಾದಿನಿಯ ಮನೆ ರೈಲಿನಲ್ಲಿ ನಾಲ್ಕನೆಯ ನಿಲ್ದಾಣ. ದುರದೃಷ್ಟಕ್ಕೆ ಆ ನಿಲ್ದಾಣದ ಹೆಸರೂ ತೊಕಿವಾ. ಐದನೆಯದಕ್ಕೆ ಟಿಕೇಟು ಕೊಂಡು, ಅಲ್ಲಿ ಇಳಿದು, ಹಳಿಯ ಪಕ್ಕದ ರಸ್ತೆಯಲ್ಲಿ ಎಡಕ್ಕೆ ವಾಲಿಕೊಂಡು ಮೂರು ಕಿಲೋಮೀಟರು ಹಿಂದೆ ನಡೆಯುತ್ತಿದ್ದರು. ಹಾತ್ಸು ಅವರು ನಾಲ್ಕನೆಯದರಲ್ಲೇ ಇಳಿದು, ತಂಗಿಯ ಮನೆಯಲ್ಲಿ ಊಟ ಮುಗಿಸಿ, ಗಂಡನ ಪಾಲನ್ನು ಮುಚ್ಚಿಟ್ಟಿರುತ್ತಿದ್ದರು.

ಹೀಗಿರುವಾಗ, ನನ್ನ ಆರನೆಯ ವರ್ಷದ ಮೇ ತಿಂಗಳಲ್ಲಿ, ಆಲ್‌ಸ್ಟಾರ್ ಪಂದ್ಯ ಶಿಯೊಮಿಗೆ ಬರುವುದೆಂದು ಗೊತ್ತಾಯಿತು. ಇಪ್ಪತ್ತಾರು ವರ್ಷಕ್ಕೊಮ್ಮೆ ಬಂದ ಭಾಗ್ಯ. ಅಂಗಡಿ ಬೀದಿಯವರು ಕಾಗದದ ದೀಪಗಳನ್ನು ಕಟ್ಟಿದರು. ಮೀನುಗಾರರ ಸಂಘ ಆಟಗಾರರಿಗೆಂದು ಆಕ್ಟೋಪಸ್ಸುಗಳನ್ನು ಮೀಸಲಿಟ್ಟಿತು. ಕುರಾಮಿತ್ಸು ಮೂರು ದಿನ ಮಾತೇ ಆಡಲಿಲ್ಲ, ಸಂತೋಷ ಹೆಚ್ಚಾದಾಗ ಅವರ ಪಿಸುಮಾತೂ ನಿಂತುಹೋಗುತ್ತಿತ್ತು. ನಾಲ್ಕನೆಯ ದಿನ ಲೀಗಿನ ಕಚೇರಿಯಿಂದ ಫ್ಯಾಕ್ಸು ಬಂತು. ನಗಾರಿ ಬಾರಿಸುವ ನೊಗಾಮಿ, ವೃತ್ತಿಯಿಂದ ಬಸ್ಸಿನ ಚಾಲಕ, ಅದನ್ನು ಅಂಗಡಿಯಲ್ಲಿ ನಿಂತು ನಿಲ್ದಾಣಗಳ ಹೆಸರು ಕೂಗುವ ರಾಗದಲ್ಲೇ ಓದಿದ. ಆ ದಿನ ನಮ್ಮ ಲೀಗಿನ ಆರೂ ತಂಡಗಳ ಶ್ರೇಷ್ಠರು ಒಂದೇ ತಂಡವಾಗಿ ಎದುರು ಲೀಗಿನವರ ಮೇಲೆ ಆಡುವುದರಿಂದ, ಆರೂ ತಂಡದ ದಳಗಳು ಬಲತುದಿಯ ಮೆಟ್ಟಿಲುಸಾಲಿನಲ್ಲಿ ಒಟ್ಟಿಗೆ ನಿಲ್ಲತಕ್ಕದ್ದು. ಹೊರ ಊರಿನ ಪ್ರತಿ ದಳದಿಂದ ಒಬ್ಬ ನಾಯಕ, ಒಂದು ತುತ್ತೂರಿ, ನಗಾರಿ ಆತಿಥೇಯರದು. ಪ್ರತಿಯೊಬ್ಬ ಆಟಗಾರನನ್ನೂ, ಅವನು ಯಾವ ತಂಡದವನೆಂದು ನೋಡದೆ, ಹೆಸರು ಹಿಡಿದು, ಸಮಾನ ಉತ್ಸಾಹದಿಂದ ಹುರಿದುಂಬಿಸತಕ್ಕದ್ದು. ಇದಕ್ಕೆ ಆತಿಥೇಯ ದಳಪತಿಯೇ ಜವಾಬ್ದಾರರು.

“ಹೆಸರು ಹಿಡಿದು ಅಂತ ಬರ್ದವ್ರೆ, ಯಜಮಾನ್ರೆ,” ಎಂದ ನೊಗಾಮಿ.

“ಕಿವಿ ಇದೆ ನನಗೆ.”

“ಸಮಾನ ಉತ್ಸಾಹ ಅಂತಾನೂ ಬರ್ದವ್ರೆ.”

“ಉತ್ಸಾಹ ತೂಗೋದಕ್ಕೆ ತಕ್ಕಡಿ ತರ್ತಾರಂತೇನು?”

“ಆ ಮನುಷ್ಯನಿಗೇ ಈ ಸಲ ಎಲ್ಲರಿಗಿಂತ ಹೆಚ್ಚು ಅಭಿಮಾನಿಗಳ ವೋಟು ಬಿದ್ದಿದೆ. ಬಂದೇ ಬರ್ತಾನೆ. ಏನು ಮಾಡೋದು?”

ಒಳಗಿನಿಂದ ಹಾತ್ಸು ಅವರ ದನಿ ಬಂತು. “ಹೊಟ್ಟೆನೋವು ಅಂತ ಮಲಗಿಬಿಡಿ ಅವತ್ತು.”

“ಇಪ್ಪತ್ತಾರು ವರ್ಷಕ್ಕೆ ಒಂದ್ಸಲ ಬರ್ತಿದೆ ಕಣೇ ಇದು! ಹೊಟ್ಟೆನೋವಿಗೆ ಬೇರೆ ದಿನ ಸಿಗಲಿಲ್ವಾ?” ಕುರಾಮಿತ್ಸು ಹೇಳಿದ್ದು ಪಿಸುಮಾತಿನಲ್ಲೇ, ಆದರೆ ಮೇಜಿನ ಮೇಲಿನ ಮೊಹರುಗಳು ಅಲುಗಿದವು.

ಕೊನೆಗೆ ಅವರಿಗೆ ಉಸಿರಾಡಲು ಸಂದೊಂದು ಸಿಕ್ಕಿತು. ಆಯಾ ಆಟಗಾರ ಬ್ಯಾಟು ಹಿಡಿದು ಬಂದಾಗ ಆಯಾ ದಳದ ನಾಯಕನೇ ಪೀಠ ಹತ್ತಿ ಮೊದಲ ಕೂಗು ಹಾಕುವುದೆಂದು ಆರೂ ದಳಗಳು ಫೋನಿನಲ್ಲಿ ಒಪ್ಪಿಕೊಂಡವು. ಆ ಮನುಷ್ಯನ ಹೆಸರನ್ನು ಅವನ ಕಡೆಯವರೇ ಕೂಗಿಕೊಳ್ಳಲಿ; ತಾವು ಪಕ್ಕದಲ್ಲಿ ಗಾಂಭೀರ್ಯದಿಂದ ನಿಂತರಾಯಿತು. ಅಂದ ಹಾಗೆ ಸಾರ್ವಭೌಮರ ಕಡೆಯ ನಾಯಕಿಯನ್ನು ಅವರು ಹತ್ತೊಂಬತ್ತು ವರ್ಷದಿಂದ ದುರ್ಬೀನಿನಲ್ಲಿ ನೋಡಿಬಲ್ಲರು. ಮೈದಾನದ ಎಡತುದಿಯಲ್ಲಿ, ನೂರಾರು ಧ್ವಜಗಳ ನಡುವೆ, ಬಿಳಿ ಕೈಗವಸು ಹಾಕಿ ಗಾಳಿಯನ್ನು ಕತ್ತರಿಸುವ ಒಂದು ಆಕೃತಿ. ‘ಬಿಳಿಗವಸಿನ ರಾಕ್ಷಸಿ’ ಎಂದು ಅವರೇ ಇಟ್ಟ ಹೆಸರು. ಆರಡಿಗೆ ಕಡಿಮೆಯಿರಲಾರಳೆಂದು ಅವರ ಅಂದಾಜು.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ, ಕುರಾಮಿತ್ಸು ಅವರ ಭುಜದೆತ್ತರದ ಮಹಿಳೆಯೊಬ್ಬರು, ಅರವತ್ತರ ಆಸುಪಾಸಿನವರು, ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ಸಿಹಿಯ ಡಬ್ಬ ಹಿಡಿದು ಅಂಗಡಿಯೊಳಗೆ ಬಂದು ಸೊಂಟ ಬಗ್ಗಿಸಿ ನಮಿಸಿದರು.

“ನಾನು ಆನ್‌ಜಾಯ್ ಫುಮಿಎ. ಸಾರ್ವಭೌಮರ ದಳದವಳು. ಹತ್ತೊಂಬತ್ತು ವರ್ಷದಿಂದ ದೂರದಿಂದ ಬೈಸಿಕೊಂಡಿದ್ದೀನಿ. ಹತ್ತಿರದಿಂದ ಒಂದು ನಮಸ್ಕಾರ ಹೇಳಿ ಹೋಗೋಣ ಅಂತ ಬಂದೆ.”

ಕುರಾಮಿತ್ಸು ಎದ್ದು ನಿಂತರು. ರಾಕ್ಷಸಿಗೆ ಸಿದ್ಧಪಡಿಸಿಟ್ಟಿದ್ದ ಮಾತೊಂದೂ ಈ ಅಳತೆಗೆ ಹೊಂದುತ್ತಿರಲಿಲ್ಲ. “ಬನ್ನಿ,” ಎಂದು ಪಿಸುಗುಟ್ಟಿದರು.

“ಏನಂದ್ರಿ?”

“ಬನ್ನಿ ಅಂದೆ.”

“ಗಂಟಲು ಸರಿಯಿಲ್ವಾ? ಎಲ್ಲಿ, ಬಾಯಿ ತೆಗೀರಿ.”

ಆಕೆ ವೃತ್ತಿಯಿಂದ ದಂತವೈದ್ಯೆ. ಮೂವತ್ತೈದು ವರ್ಷದಿಂದ ಜನರಿಗೆ ಬಾಯಿ ತೆರೆಯಲು ಹೇಳಿ ಅಭ್ಯಾಸವಾಗಿದ್ದ ಆ ದನಿಯಲ್ಲಿ ಅವಿಧೇಯತೆಗೆ ಅವಕಾಶವೇ ಇರಲಿಲ್ಲ. ಕುರಾಮಿತ್ಸು ಬಾಯಿ ತೆರೆದರು. ಆಕೆ ಕಿಟಕಿಯ ಬೆಳಕಿಗೆ ಅವರ ಗದ್ದ ಹಿಡಿದು ತಿರುಗಿಸಿ ಒಳಗೆ ನೋಡಿದರು.

“ಗಂಟಲು ಚೆನ್ನಾಗಿದೆ. ಕೆಳಗಡೆ ಎಡಗಡೆ ದವಡೆ ಹಲ್ಲು ಹುಳುಕಾಗಿದೆ. ಕೂಗುವಾಗ ನೋಯ್ತಿರ್ಬೇಕಲ್ಲ?”

“ನಾವು ಗೆದ್ದಾಗ ಮಾತ್ರ ನೋಯುತ್ತೆ, ಡಾಕ್ಟ್ರಮ್ಮ. ಜಾಸ್ತಿ ಕೂಗ್ತೀವಲ್ಲ.”

“ಹಾಗಾದ್ರೆ ಅಂಥಾ ತೊಂದ್ರೆ ಏನಿಲ್ಲ, ಬಿಡಿ.”

ಮೆಟ್ಟಿಲ ಮೇಲೆ ನಿಂತು ನಾನು ಇದನ್ನೆಲ್ಲ ನೋಡುತ್ತಿದ್ದೆ. ಕುರಾಮಿತ್ಸು ಅವರ ಮುಖ ಮೊದಲು ಕೆಂಪಾಯಿತು. ಆಮೇಲೆ, ಎದುರಾಳಿ ಒಳ್ಳೆಯ ಎಸೆತವೊಂದನ್ನು ಹಾಕಿದಾಗ ಮೆಚ್ಚದೆ ವಿಧಿಯಿಲ್ಲದ ಆಟಗಾರನಂತೆ, ಅವರು ಒಮ್ಮೆ ತಲೆದೂಗಿದರು.

ಅಂಗಡಿ ಬೀದಿಯ ಕಾಫಿಮನೆಯಲ್ಲಿ ಅವರಿಬ್ಬರೂ ಅಂದು ಎರಡು ಗಂಟೆ ಕೂತರು; ಪ್ರತಿ ಆಟಗಾರನಿಗೂ ಹುರಿದುಂಬಿಸಲು ಅವನದೇ ಒಂದು ಹಾಡಿತ್ತು, ಪರಸ್ಪರರ ಆಟಗಾರರ ಹಾಡುಗಳನ್ನು ಕಲಿಯಬೇಕಿತ್ತು. ಅಷ್ಟು ವರ್ಷದಲ್ಲಿ ದಳಕ್ಕೆ ಸೇರಿಹೋಗಿದ್ದ ನಾನೂ ಧ್ವಜಗಳ ಪಟ್ಟಿ ಹಿಡಿದು ಜೊತೆಗಿದ್ದೆ. ಶತ್ರುವಿನ ಹಾಡನ್ನು ಶತ್ರುವಿಗಿಂತ ಚೆನ್ನಾಗಿ ಯಾರೂ ಬಲ್ಲವರಿಲ್ಲವೆಂಬುದು ಐದೇ ನಿಮಿಷದಲ್ಲಿ ಸ್ಪಷ್ಟವಾಯಿತು. ನಮ್ಮ ಮಿನಾಗಿ ಎಂಬ ವೇಗದ ಓಟಗಾರನ ಹಾಡಿನ ಎರಡನೆಯ ಸಾಲನ್ನು ಕುರಾಮಿತ್ಸು ತಪ್ಪಾಗಿ ಹೇಳಿದಾಗ ತಿದ್ದಿದವರು ಆನ್‌ಜಾಯ್. ಆದರೆ ಸಾರ್ವಭೌಮರ ಮೂರನೆಯ ಬೇಸಿನವನ ಹಾಡಿಗೆ ಬಂದಾಗ, ಹೆಸರಿನ ಮೂರು ಅಕ್ಷರ ಬರಬೇಕಾದಲ್ಲಿ ಕುರಾಮಿತ್ಸು ಬಾಯಿ ಮುಚ್ಚಿ ‘ಹೂಂ-ಹೂಂ-ಹೂಂ’ ಎಂದು ಮೂಗಿನಲ್ಲಿ ದಾಟಿಸಿದರು.

“ಅಲ್ಲಿ ಹೆಸರಿದೆ,” ಎಂದರು ಆನ್‌ಜಾಯ್.

“ಉಸಿರು ತಗೊಂಡೆ ಅಂತ ಇಟ್ಕೊಳ್ಳಿ.”

“ಮೂರೂ ಸಲ?”

“ವಯಸ್ಸಾಯ್ತು ಅಂತ ಇಟ್ಕೊಳ್ಳಿ.”

ಆಕೆ ಕಾಫಿಗೆ ಸಕ್ಕರೆ ಹಾಕಿ ಕದಡಿದರು. “ಅವನಿಗೂ ವಯಸ್ಸಾಯ್ತು. ಎಡಗಾಲಿನ ಮಂಡಿ ಹೋಗಿದೆ. ಪೇಪರಿನಲ್ಲಿ ಇನ್ನೂ ಬಂದಿಲ್ಲ—”

“ಎಡ ಅಲ್ಲ. ಬಲ.” ಕುರಾಮಿತ್ಸು ಅವರಿಗೆ ತಿಳಿಯದಂತೆ ಅದು ಬಾಯಿಂದ ಬಂದುಬಿಟ್ಟಿತು. “ಏಪ್ರಿಲ್ ಕೊನೇ ವಾರದಿಂದ ಬಲಗಾಲ ಮೇಲೆ ಭಾರ ಹಾಕ್ತಿಲ್ಲ. ಅದಕ್ಕೇ ಒಳಗಡೆ ಬರೋ ಚೆಂಡು ಬಿಟ್ಟುಬಿಡ್ತಾನೆ. ಮಳೆ ದಿನ ಇನ್ನೂ ಮೋಸ.”

ಆನ್‌ಜಾಯ್ ಚಮಚ ಕೆಳಗಿಟ್ಟು ಅವರನ್ನೇ ನೋಡಿದರು. ತಮ್ಮ ಮನೆಯ ಅಲಮಾರಿಯ ಬೀಗದ ಕೈ ಪಕ್ಕದ ಮನೆಯವನ ಜೇಬಿನಲ್ಲಿ ಕಂಡಂತಿತ್ತು ಆ ನೋಟ. ಆಮೇಲೆ ಹೇಳಿದರು: “ಯಾವ ಕಾಲೇ ಆಗ್ಲಿ, ಇದೇ ಕೊನೇ ವರ್ಷ. ನಾಳೆಯದೇ ಅವನ ಕೊನೇ ಆಲ್‌ಸ್ಟಾರ್.”

ಕುರಾಮಿತ್ಸು ಕಾಫಿ ಬಟ್ಟಲನ್ನು ಎತ್ತಿದರು, ಕುಡಿಯದೆ ಇಟ್ಟರು. “ಕೊನೇ ವರ್ಷವಾ?” ಎಂದು ಕೇಳಿದ್ದು ಎಷ್ಟು ಮೆಲ್ಲಗೆಂದರೆ ನನಗೆ ತುಟಿ ಅಲುಗಿದ್ದಷ್ಟೇ ಕಾಣಿಸಿತು.

ಪಂದ್ಯದ ದಿನ ಹಗಲೆಲ್ಲ ಬಿಸಿಲು. ಸಂಜೆಗೆ ಸಮುದ್ರದ ಗಾಳಿ ಎದ್ದು ಬಲತುದಿಯ ಮೆಟ್ಟಿಲುಸಾಲಿನ ಹನ್ನೆರಡು ಸಾವಿರ ಜನರ ಬೆವರನ್ನು ಒಂದೇ ಪರಿಮಳವಾಗಿ ಕಲಸಿತು. ಆರು ತಂಡಗಳ ಆರು ಬಣ್ಣದ ಕೋಟುಗಳು ಮದುವೆ ಮನೆಯ ಬೀಗರಂತೆ ಅತಿವಿನಯದಿಂದ ಒಂದಕ್ಕೊಂದು ದಾರಿಬಿಡುತ್ತಿದ್ದವು. ನಾಲ್ಕನೆಯ ಇನಿಂಗ್ಸಿನ ಹೊತ್ತಿಗೆ ವಿನಯ ಕರಗಿ ನಿಜವಾದ ಉತ್ಸಾಹ ಶುರುವಾಯಿತು. ಸುಟ್ಟ ಬೊಂಡಾಸ ಮೀನಿನ ಒಂದೇ ಪೊಟ್ಟಣದಲ್ಲಿ ಮೂರು ಬಣ್ಣದ ತೋಳುಗಳು ಕೈಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ತೊಕಿವಾ ಮೊದಲೆರಡು ಸಲ ಬ್ಯಾಟಿಗೆ ಬಂದಾಗ ಆನ್‌ಜಾಯ್ ಪೀಠ ಹತ್ತಿ, ಬಿಳಿಗವಸಿನ ಕೈ ಬೀಸಿ, ಆ ಪುಟ್ಟ ದೇಹದಲ್ಲಿ ಎಲ್ಲಿ ಅಡಗಿತ್ತೋ ಎನಿಸುವ ಕಂಠದಿಂದ ಹೆಸರು ಕೂಗಿದರು. ಜನ ಕರ್ತವ್ಯಕ್ಕೆ ಕೂಗಿದರು. ಕುರಾಮಿತ್ಸು ಎರಡೂ ಸಲ ಪಕ್ಕದಲ್ಲಿ ನೆಟ್ಟಗೆ ನಿಂತು, ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು.

ಆರನೆಯ ಇನಿಂಗ್ಸಿನಲ್ಲಿ ಅನಾಹುತವಾಯಿತು. ನಮ್ಮ ಮಿನಾಗಿ ಚೆಂಡನ್ನು ಎಡಮೂಲೆಗೆ ಅಟ್ಟಿ, ಎರಡನೆಯ ಬೇಸು ದಾಟಿ, ಯಾರೂ ಓಡಲಾರದ ಮೂರನೆಯದಕ್ಕೆ ಓಡತೊಡಗಿದ. ಕುರಾಮಿತ್ಸು ಕೂಗಿದರು, ಅದರಲ್ಲಿ ಆಶ್ಚರ್ಯವಿಲ್ಲ. ಪಕ್ಕದಲ್ಲಿದ್ದ ಆನ್‌ಜಾಯ್ ಫುಮಿಎ, ಹತ್ತೊಂಬತ್ತು ವರ್ಷ ಇದೇ ಹುಡುಗರು ಎಡವಿ ಬೀಳಲೆಂದು ಹಾರೈಸಿದಾಕೆ, ಆತಿಥೇಯರ ಮರ್ಯಾದೆಗೆಂದು ಸಣ್ಣಗೆ ಆರಂಭಿಸಿದವರು, ತಮ್ಮ ಕಾಲು ತಾನೇ ನೆಲ ಬಿಟ್ಟದ್ದರ ಅರಿವಿಲ್ಲದೆ ಕುಣಿದು, “ಓಡೋ ಮಿನಾಗಿ! ಓಡೋ ಮಗನೇ! ಬೀಳಬೇಡ್ವೋ!” ಎಂದು ಕಿರುಚಿದ ಕಿರುಚಿಗೆ ನೊಗಾಮಿಯ ಕೈಯ ಕೋಲೇ ಜಾರಿತು. ಮಿನಾಗಿ ಧೂಳೆಬ್ಬಿಸಿ ಬೇಸು ಮುಟ್ಟಿದ. ಆನ್‌ಜಾಯ್ ಅವರ ಗಂಟಲು ಅಲ್ಲಿಗೇ ಹೋಯಿತು. ಆಮೇಲೆ ಬಾಯಿ ತೆರೆದರೆ ಸೈಕಲ್ ಪಂಪಿನಿಂದ ಬರುವಂಥ ಗಾಳಿ ಮಾತ್ರ.

ಕುರಾಮಿತ್ಸು ಜೇಬಿನಿಂದ ಶುಂಠಿ ಪೆಪ್ಪರಮೆಂಟು ಕೊಟ್ಟರು. ನೊಗಾಮಿ ಬಿಸಿನೀರು ತಂದ. ಏನೂ ಆಗಲಿಲ್ಲ.

ಎಂಟನೆಯ ಇನಿಂಗ್ಸು. ಅಂಕ ಮೂರಕ್ಕೆ ಮೂರು. ನಮ್ಮವರಲ್ಲಿ ಇಬ್ಬರು ಔಟಾಗಿ, ಒಬ್ಬ ಎರಡನೆಯ ಬೇಸಿನಲ್ಲಿ ಕಾಯುತ್ತಿದ್ದಾನೆ. ಬ್ಯಾಟು ಹಿಡಿದು ಬಂದವನು ತೊಕಿವಾ. ನಲವತ್ತರ ಮನುಷ್ಯ, ಕುಂಟು ಕಾಣಿಸದಿರಲೆಂದು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ. ಸಾರ್ವಭೌಮರ ತುತ್ತೂರಿಯವನು ರಾಗ ಊದಲು ಸನ್ನದ್ಧನಾದ. ಪೀಠ ಖಾಲಿ. ಆನ್‌ಜಾಯ್ ಅವರು ಕುರಾಮಿತ್ಸು ಅವರ ಕಿವಿಯ ಹತ್ತಿರ ಏನೋ ಉಸುರಿದರು.

“ಏನಂದ್ರಿ?” ಎಂದು ಇವರು ಬಗ್ಗಿದರು.

ಆಕೆ ಮತ್ತೊಮ್ಮೆ ಹೇಳಲಿಲ್ಲ. ಬಿಳಿ ಕೈಗವಸುಗಳನ್ನು ಬೆರಳು ಬೆರಳಾಗಿ ಬಿಚ್ಚಿ ಅವರ ಅಂಗೈಯಲ್ಲಿಟ್ಟರು. ಆಕೆಯ ಕಣ್ಣಲ್ಲಿ ನೀರಿತ್ತು; ಗಂಟಲ ನೋವಿನದಲ್ಲ. ಕುರಾಮಿತ್ಸು ಒಂದನ್ನು ಹಾಕಿಕೊಳ್ಳಲು ನೋಡಿದರು. ಉಳಿ ಹಿಡಿದು ದಪ್ಪಗಾದ ಹೆಬ್ಬೆರಳೂ ಅದರಲ್ಲಿ ತೂರಲಿಲ್ಲ. ಹನ್ನೆರಡು ಸಾವಿರ ಜನ ನೋಡುತ್ತಿದ್ದರು. ಅವರಲ್ಲಿ ಹತ್ತು ಸಾವಿರ ಮಂದಿಗೆ ಆ ಪ್ರತಿಜ್ಞೆ ಗೊತ್ತು. ಅದನ್ನು ತಮ್ಮ ಊರಿನ ಸ್ವತ್ತೆಂದೇ ತಿಳಿದವರು ಅವರು.

“ಯಜಮಾನ್ರೆ,” ನೊಗಾಮಿ ಅಂದ, “ಬೇಕಾದ್ರೆ ನಾನೇ ಕೂಗ್ತೀನಿ. ನನಗೇನೂ ವ್ರತ ಇಲ್ಲ.”

“ನಿನ್ನ ದನೀಲಾ? ಬಸ್ ಬಂತು ಅಂದ್ಕೊಂಡು ಜನ ಎದ್ದು ಹೋಗ್ತಾರೆ. ಸುಮ್ನಿರು.”

ಕೈಗವಸುಗಳನ್ನು ಕೋಟಿನ ಎದೆಗೆ ತುರುಕಿಕೊಂಡು ಕುರಾಮಿತ್ಸು ಪೀಠ ಹತ್ತಿದರು. ಎಡಕ್ಕೆ ವಾಲಿದ ಆ ದೇಹ ಒಂದು ಕ್ಷಣ ನೆಟ್ಟಗಾಯಿತು. ಬಾಯಿ ತೆರೆದರು, ಮುಚ್ಚಿದರು. ಎರಡನೆಯ ಸಲ ತೆರೆದಾಗ ಬಂತು ನೋಡಿ—

“ತೊ—ಕಿ—ವಾ!”

ಅವರ ಕಂಠವನ್ನು ಆರು ವರ್ಷ ಕೇಳಿದ್ದ ನನಗೂ ಅಂಥ ಕೂಗು ಗೊತ್ತಿರಲಿಲ್ಲ. ಬಳಸದೆ ಇಟ್ಟ ಹೆಸರು ಸವೆದಿರಲಿಲ್ಲ; ಹೊಸ ಉಳಿಯಿಂದ ಕೆತ್ತಿದಂತೆ ಮೂರೂ ಅಕ್ಷರ ಚೂಪಾಗಿ ಗಾಳಿಯಲ್ಲಿ ನಿಂತವು. ಮೆಟ್ಟಿಲುಸಾಲು ಪೂರಾ ಸ್ತಬ್ಧ. ಯಾರೋ ಕೈಯಲ್ಲಿದ್ದ ಬಿಯರನ್ನು ಮುಂದಿನವನ ಹೆಗಲ ಮೇಲೆ ಸುರಿದದ್ದು ಸುರಿದವನಿಗೂ ಸುರಿಸಿಕೊಂಡವನಿಗೂ ತಿಳಿಯಲಿಲ್ಲ. ಆಮೇಲೆ ನೊಗಾಮಿ ನಗಾರಿಗೆ ಮೂರು ಪೆಟ್ಟು ಕೊಟ್ಟ, ಹನ್ನೆರಡು ಸಾವಿರ ಕಂಠಗಳು ಒಂದಾಗಿ ಆ ಹೆಸರನ್ನು ಮರಳಿ ಎಸೆದವು. ಮೈದಾನದಲ್ಲಿ ತೊಕಿವಾ ಬ್ಯಾಟು ಇಳಿಸಿ, ಗೆರೆಯಿಂದ ಹೊರಗೆ ಬಂದು, ಬಲತುದಿಯ ಕಡೆ ತಿರುಗಿ ನೋಡಿದ. ಈ ಮೂಲೆಯಿಂದ ಹತ್ತೊಂಬತ್ತು ವರ್ಷ ಬರೀ ಬೈಗುಳ ಕೇಳಿದವನು. ಅಂಪೈರು ಎರಡು ಸಲ ಕರೆಯಬೇಕಾಯಿತು.

ಮತ್ತೆ ಗೆರೆಯೊಳಗೆ ಹೋಗಿ ನಿಂತ. ಮೊದಲ ಎಸೆತವನ್ನೇ ಬೀಸಿ ಹೊಡೆದ. ಚೆಂಡು ಎದ್ದಿತು, ಎದ್ದಿತು, ನೇರ ಮೇಲಕ್ಕೆ ಎದ್ದಿತು. ಮುಂದಕ್ಕೆ ಮಾತ್ರ ಒಂದಡಿಯೂ ಹೋಗಲಿಲ್ಲ. ಎದುರಾಳಿಗಳ ಕ್ಯಾಚರು ಮುಖವಾಡ ತೆಗೆದು, ಬಿಸಿಲಿಗೆ ಹಾಕಿದ ಹಪ್ಪಳ ಎತ್ತಿಕೊಳ್ಳುವವನಂತೆ ಆರಾಮವಾಗಿ ಅದನ್ನು ಹಿಡಿದ. ಇನಿಂಗ್ಸು ಮುಗಿಯಿತು.

“ಥೂ ದಂಡಪಿಂಡ!”

ಪೀಠದ ಮೇಲೆ ಕುರಾಮಿತ್ಸು ಎರಡೂ ಮುಷ್ಟಿ ಎತ್ತಿ ನಿಂತಿದ್ದರು. ಆ ಕಂಠ ಮೈದಾನದ ನಾಲ್ಕು ಗೋಡೆಗೂ ಬಡಿಯಿತು. “ಅವತ್ತು ಹೊಡೆದ್ಯಲ್ಲೋ! ಬೇಡ ಬೇಡ ಅಂತ ಕೈಮುಗಿದ್ರೂ ಹೊಡೆದ್ಯಲ್ಲೋ! ಇವತ್ತು ಹೊಡಿ ಅಂತ ಬಾಯಿಬಿಟ್ಟು ಕೇಳಿದ್ರೆ ಈ ಎಸೆತ ಹೊಡೆಯಕ್ಕಾಗಲ್ವೇನೋ ನಿನಗೆ! ತೊಕಿವಾ! ಏಯ್ ತೊಕಿವಾ!”

ಅರ್ಧ ದಾರಿ ನಡೆದಿದ್ದ ತೊಕಿವಾ ನಿಂತ. ಟೋಪಿ ತೆಗೆದು, ಬಲತುದಿಯ ಕಡೆಗೆ, ದೊಡ್ಡ ತಪ್ಪು ಮಾಡಿದ ಶಾಲಾಹುಡುಗನಂತೆ, ಸೊಂಟ ಮುರಿಯುವಷ್ಟು ಬಗ್ಗಿ ನಮಸ್ಕರಿಸಿದ. ಎದ್ದಾಗ ನಗುತ್ತಿದ್ದ. ಮೈದಾನವೆಲ್ಲ ನಕ್ಕಿತು. ಆನ್‌ಜಾಯ್ ಅವರು ಸದ್ದಿಲ್ಲದೆ, ಸೈಕಲ್ ಪಂಪಿನಂತೆ ನಕ್ಕೂ ನಕ್ಕೂ ನೊಗಾಮಿಯ ನಗಾರಿಗೆ ಒರಗಿಕೊಂಡರು. ನಗದಿದ್ದವರು ಒಬ್ಬರೇ. ಅವರಿಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು.

ಪಂದ್ಯ ಮೂರಕ್ಕೆ ಮೂರರಲ್ಲೇ, ಯಾರೂ ಗೆಲ್ಲದೆ ಮುಗಿಯಿತು. ಮರುದಿನ ಅಂಗಡಿಯಲ್ಲಿ ನೊಗಾಮಿ ಕೆಣಕಿದ: “ಅಂತೂ ಹತ್ತೊಂಬತ್ತು ವರ್ಷದ ವ್ರತ ಹೋಯ್ತಲ್ಲ, ಯಜಮಾನ್ರೆ.”

“ಎಲ್ಲಿ ಹೋಯ್ತು? ಹೆಸರೆತ್ತಿದ್ದು ಬೈಯೋದಕ್ಕೆ ಅಂತ ಇಟ್ಕೋ.”

“ಮೊದಲನೇ ಸಲ ಕೂಗಿದ್ದು?”

“ಬೈಯೋದಕ್ಕೆ ಮುಂಚೆ ಕರೀಬೇಕಲ್ಲಯ್ಯ!”

ಹತ್ತು ದಿನದಲ್ಲಿ ಲೀಗು ಮತ್ತೆ ಶುರುವಾಗಿ ಸಾರ್ವಭೌಮರು ಶಿಯೊಮಿಗೆ ಬಂದರು. ಕುರಾಮಿತ್ಸು ಮತ್ತೆ ‘ಆ ಮನುಷ್ಯ’ ಎನ್ನತೊಡಗಿದ್ದರು. ಆ ಮನುಷ್ಯ ಎರಡನೆಯ ಇನಿಂಗ್ಸಿನಲ್ಲೇ ಬಲತುದಿಯ ಮೆಟ್ಟಿಲುಸಾಲಿಗೆ ಭಾರೀ ಹೋಮ್‌ರನ್ನೊಂದನ್ನು ಹೊಡೆದ. “ನೋಡು! ನೋಡಿದ್ಯಾ! ಈಗ ಹೊಡೀತಾನೆ!” ಎಂದು ಕುರಾಮಿತ್ಸು ನನ್ನ ತೋಳು ಹಿಡಿದು ಅಲುಗಿಸಿದ ರಭಸಕ್ಕೆ ಹಿಡಿದಿದ್ದ ಧ್ವಜ ಬಿತ್ತು. ದೂರದ ಎಡತುದಿಯಲ್ಲಿ ಬಿಳಿ ಕೈಗವಸೊಂದು ನಮ್ಮ ಕಡೆಗೆ ಬೀಸಿದ್ದು ದುರ್ಬೀನಿಲ್ಲದೆಯೂ ಕಾಣಿಸಿತು. ಅದಕ್ಕೆ ಉತ್ತರವಾಗಿ ಇವರು ನಾಲಗೆ ಚಾಚಿದರು. ಅರವತ್ತೊಂದು ವರ್ಷ ಆಗ ಅವರಿಗೆ.

ಅಕ್ಟೋಬರಿನಲ್ಲಿ ತೊಕಿವಾ ನಿವೃತ್ತನಾದ. ಟೀವಿಯಲ್ಲಿ ಹೂಗುಚ್ಛ, ಭಾಷಣ, ಕಣ್ಣೀರು ಎಲ್ಲ ಬಂದವು. ಕುರಾಮಿತ್ಸು ಟೀವಿಗೆ ಬೆನ್ನುಹಾಕಿ ಕೂತು ಯಾರದೋ ಮೊಹರಿನ ಅಂಚು ಉಜ್ಜುತ್ತಿದ್ದರು. ಭಾಷಣ ಮುಗಿಯುವ ತನಕ ಅದೇ ಅಂಚು.

ಮುಂದಿನ ವಸಂತದಲ್ಲಿ ಸಾರ್ವಭೌಮರ ಮೂರನೆಯ ಬೇಸಿಗೆ ಇಪ್ಪತ್ತೆರಡರ ಹುಡುಗನೊಬ್ಬ ಬಂದ. ಹೆಸರು ಉದ್ದವಿತ್ತು, ಯಾಕೋ ಯಾರ ನಾಲಗೆಗೂ ಹತ್ತಲಿಲ್ಲ. ಕುರಾಮಿತ್ಸು ಪೀಠದ ಮೇಲೆ ನಿಂತು ಅವನನ್ನು ಬೈಯಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಹುಡುಗ ಸುಲಭದ ಚೆಂಡೊಂದನ್ನು ಕಾಲಸಂದಿಯಲ್ಲಿ ಬಿಟ್ಟು ಗಾಬರಿಯಿಂದ ಸುತ್ತಮುತ್ತ ನೋಡಿದ. ದಳದವರೆಲ್ಲ ದಳಪತಿಯ ಬಾಯಿ ನೋಡುತ್ತಿದ್ದರು. ಅದರಿಂದ ಹೊರಬಂದದ್ದು “ಪಾಪ” ಎಂಬ ಮಾತು.

ಆ ಸಂಜೆ ಹಿಂದಿರುಗುವಾಗ ತಡೆಗೋಡೆಯ ಬಳಿ ನಿಂತು, ಧ್ವಜದ ಗಳುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಹೇಳಿದರು: “ಒಳ್ಳೇ ಹುಡುಗನೇ. ಆದ್ರೆ ಇವನ ಮೇಲೆ ಸರಿಯಾಗಿ ಸಿಟ್ಟು ಬರೋದಕ್ಕೆ ಕಡಿಮೆ ಅಂದ್ರೂ ಹತ್ತು ವರ್ಷ ಬೇಕು. ಅಷ್ಟು ಆಯಸ್ಸು ನನಗಿದ್ಯೋ ಇಲ್ವೋ.”

ಆಟ ನಡೆಯುವ ಊರುಗಳಲ್ಲೆಲ್ಲ ಇಂಥವರು ಇರುತ್ತಾರೆ. ಅವರ ಹಗೆ ನಮ್ಮ ನಿಮ್ಮ ಹಗೆಯಂತಲ್ಲ. ಅದಕ್ಕೆ ಹಾಜರಾತಿಯಿದೆ, ಅಭ್ಯಾಸವಿದೆ, ಸೂಕ್ಷ್ಮವಾದ ವಿದ್ವತ್ತೂ ಇದೆ. ಆಟಗಾರನ ಬಂಧುಬಳಗದವರು ಒಂದೆರಡು ಪಂದ್ಯ ತಪ್ಪಿಸಿಯಾರು, ಇವರು ತಪ್ಪಿಸರು. ಅವನ ಯಾವ ಮಂಡಿ ಯಾವ ತಿಂಗಳಿನಿಂದ ಸೋತಿತೆಂಬುದು ಅವನನ್ನು ಪೂಜಿಸುವವರಿಗಿಂತ ಮೊದಲು ಇವರಿಗೆ ತಿಳಿಯುತ್ತದೆ. ಅವನ ಯೌವನವನ್ನು ಇವರಷ್ಟು ಎಚ್ಚರದಿಂದ ಕಾದವರು ಯಾರೂ ಇಲ್ಲ, ಅದು ಕಳೆದದ್ದನ್ನು ಇವರಷ್ಟು ಬೇಗ ಕಂಡವರೂ ಇಲ್ಲ. ಕೊನೆಗೆ ಅವನು ಬ್ಯಾಟು ಕೆಳಗಿಟ್ಟ ದಿನ, ಹೊಗಳಿದವರೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ನಾಳೆಯಿಂದ ಏನು ಮಾಡುವುದೆಂದು ತೋಚದೆ ಕೂತಿರುವವರು ಬೈದವರು ಮಾತ್ರ.